ಅವ್ವನಿಗೆ ಹೇಳೋಕೆ ಹೋದ ದಾರಿ

ಪುಣೆಯಿಂದ ಹುಮನಾಬಾದ್ ಕಡೆಗೆ ರಾತ್ರಿ ಬಸ್ಸು. ಸೊಲ್ಲಾಪುರ ದಾಟಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬ್ಯಾಗಿನಲ್ಲಿ ಮೇಲೆ ಲ್ಯಾಪ್‌ಟಾಪ್, ಅದರ ಕೆಳಗೆ ಟವೆಲ್‌ನಲ್ಲಿ ಸುತ್ತಿಟ್ಟ ಗೆಜ್ಜೆ. ಎರಡೂ ಕಾಲಿಂದು ಸೇರಿ ಮೂರು ಕಿಲೋ. ಬಸ್ಸು ಸ್ಪೀಡ್ ಬ್ರೇಕರ್ ಹಾರಿದಾಗೆಲ್ಲ ಟವೆಲ್ ಒಳಗಿಂದ ‘ಛಣ್’ ಅಂತ ಸದ್ದು. ಪಕ್ಕದ ಸೀಟಿನ ಅಜ್ಜ ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ ನಾನೇ ಬ್ಯಾಗನ್ನ ಮಡಿಲಲ್ಲಿ ಇಟ್ಟುಕೊಂಡೆ.

ಮೂರು ವಾರ ಕಳೆದರೆ ನನ್ನ ಮೊದಲ ಶೋ. ಪುಣೆಯ ಒಂದು ಸಣ್ಣ ಹಾಲ್, ನೂರಿಪ್ಪತ್ತು ಕುರ್ಚಿ, ಟಿಕೆಟ್ ಇಟ್ಟಿದ್ದಾರೆ. ನಾನು ಲಾವಣಿ ಕುಣಿಯಬೇಕು. ಆಫೀಸಿನಲ್ಲಿ ನನ್ನ ಟೀಮಿನವರಿಗೆಲ್ಲ ಗೊತ್ತು, ಮ್ಯಾನೇಜರ್ ಕೂಡ ಟಿಕೆಟ್ ತಗೊಂಡಿದ್ದಾರೆ. ಗೊತ್ತಿಲ್ಲದೆ ಇರೋದು ಅವ್ವನಿಗೆ ಮಾತ್ರ.

ಈ ಪ್ರಯಾಣ ಅದನ್ನ ಹೇಳೋಕೆ.

ಎಲ್ಲಿಂದ ಶುರು

ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಲಂಡನ್‌ಗೆ ಹೋಗಿದ್ದೆ. ಅಲ್ಲಿನ ಸಹೋದ್ಯೋಗಿ ಒಬ್ಬಳು ಶುಕ್ರವಾರ ರಾತ್ರಿ ‘ಬರ್ಲೆಸ್ಕ್’ ಶೋಗೆ ಕರಕೊಂಡು ಹೋದಳು. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಸಿನಿಮಾಗಳ ಕ್ಯಾಬರೆ. ಹೆಲೆನ್, ಜ್ಯೋತಿಲಕ್ಷ್ಮಿ, ಜಯಮಾಲಿನಿ, ವಿಲನ್‌ನ ಅಡ್ಡೆ, ಕೆಂಪು ಲೈಟು. ಸ್ಟೇಜಿಗೆ ಬಂದವಳು ಐವತ್ತು ದಾಟಿದ, ತುಂಬಿದ ಮೈಯ ಹೆಂಗಸು. ಕೋಟು ಹಾಕಿಕೊಂಡು ಗಂಡಸು ಬಾಸ್‌ನ ಅಣಕ ಮಾಡುತ್ತಾ ಒಂದು ಕೈಗವಸು ತೆಗೆಯೋಕೆ ಐದು ನಿಮಿಷ ತಗೊಂಡಳು. ಜನ ಹೊಟ್ಟೆ ಹಿಡಿದು ನಕ್ಕರು. ಆಕೆ ಮೈ ತೋರಿಸುತ್ತಿದ್ದಳಾ ಅಂದರೆ, ಹೌದು, ಸ್ವಲ್ಪ. ಆದರೆ ಯಾವಾಗ, ಎಷ್ಟು, ಯಾರನ್ನ ನೋಡುತ್ತಾ ಅನ್ನೋದೆಲ್ಲ ಆಕೆಯ ಕೈಯಲ್ಲಿತ್ತು. ನೋಡುವವರು ಆಕೆ ಹೇಳಿದ ಹಾಗೆ ಕೇಳುತ್ತಿದ್ದರು.

ಆಮೇಲೆ ಓದಿ ತಿಳಕೊಂಡೆ. ಬರ್ಲೆಸ್ಕ್ ಅನ್ನೋ ಪದದ ಮೂಲ ಇಟಾಲಿಯನ್ ಭಾಷೆಯ ‘ಬುರ್ಲಾ’, ಅಂದರೆ ತಮಾಷೆ. 1868ರಲ್ಲಿ ಲಿಡಿಯಾ ಥಾಂಪ್ಸನ್ ಅನ್ನುವಾಕೆ ಇಂಗ್ಲೆಂಡಿನಿಂದ ತನ್ನ ಹುಡುಗಿಯರ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋಗಿ, ಗಂಡಸರ ಪಾತ್ರ ಹಾಕಿ, ದೊಡ್ಡವರ ಕತೆಗಳನ್ನ ಗೇಲಿ ಮಾಡಿ ಹೆಸರು ಮಾಡಿದಳು. ಬಟ್ಟೆ ಕಳಚುವುದು ಆಮೇಲೆ ಸೇರಿಕೊಂಡ ವಿಷಯ. ಮೊದಲು ಇದ್ದದ್ದು ಅಣಕ.

ತಮಾಷೆ! ನಮ್ಮ ಗಡಿಯಾಚೆಗೆ ಹಾಡು, ಕುಣಿತ, ಅಣಕ ಎಲ್ಲ ಸೇರಿದ ಆಟಕ್ಕೂ ಅದೇ ಹೆಸರಲ್ಲವಾ? ತಮಾಶಾ. ಅದರ ಜೀವ ಲಾವಣಿ. ಪುಣೆಗೆ ವಾಪಸ್ ಬಂದವಳೇ ವೀಕೆಂಡ್ ಕ್ಲಾಸ್ ಹುಡುಕಿದೆ.

ಲಾವಣಿಯಲ್ಲಿ ಬಟ್ಟೆ ಬಿಚ್ಚೋದಿಲ್ಲ. ಒಂಬತ್ತು ಗಜದ ಸೀರೆ ಮೈ ತುಂಬಾ ಇರುತ್ತೆ. ಇರೋದೆಲ್ಲ ಕಣ್ಣು, ಹುಬ್ಬು, ಸೊಂಟ, ಮತ್ತೆ ಮುಂದಿನ ಸಾಲಿನಲ್ಲಿ ಕೂತವನನ್ನ ಛೇಡಿಸೋ ಧೈರ್ಯ. ನಾನು ಬೀದರ್ ಜಿಲ್ಲೆಯವಳು, ಮರಾಠಿ ಕಿವಿಗೆ ಹೊಸದಲ್ಲ. ಅರ್ಥವಾಗಿ ನಾಚಿಕೆಯಾಗುತ್ತಿತ್ತು, ಅಷ್ಟೇ.

ಕಲಿಸುವವರನ್ನ ನಾವು ‘ತಾಯಿ’ ಅಂತೀವಿ, ಮರಾಠಿಯಲ್ಲಿ ಅಕ್ಕ ಅಂತ ಅರ್ಥ. ಹುಟ್ಟಿನಿಂದ ಇದೇ ಕಸುಬಿನ ಮನೆಯವರು. ಒಂದು ದಿನ ಅವರು ನಗುತ್ತಲೇ ಅಂದರು: “ನೀ ಕುಣಿದರೆ ಕಲೆ. ನಾ ಕುಣಿದರೆ ಧಂದೆ. ಹೆಜ್ಜೆ ಮಾತ್ರ ಒಂದೇ.” ಆ ಮಾತು ಇವತ್ತಿಗೂ ನನ್ನ ಹತ್ತಿರ ಇದೆ, ಉತ್ತರ ಇಲ್ಲ.

ಬಂಗ್ಲಾದಲ್ಲಿ ಇಳಿದೆ

ನೇರ ಹುಮನಾಬಾದ್‌ಗೆ ಹೋಗಬೇಕಿತ್ತು. ಬೆಳಗಿನ ಜಾವ ಸಸ್ತಾಪುರ ಬಂಗ್ಲಾ ಬಂದಾಗ ಸುಮ್ಮನೆ ಇಳಿದುಬಿಟ್ಟೆ. ಹೆದ್ದಾರಿಯಿಂದ ಬಸವಕಲ್ಯಾಣಕ್ಕೆ ಹೊರಳುವ ಕ್ರಾಸ್ ಅದು. ಬಸವಕಲ್ಯಾಣ ನೋಡಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಅವ್ವನ ಮುಖ ನೋಡೋದನ್ನ ಅರ್ಧ ದಿನ ಮುಂದೂಡಿದೆ. ಸಾಫ್ಟ್‌ವೇರ್‌ನವರಿಗೆ ಡೆಡ್‌ಲೈನ್ ಮುಂದೂಡೋದು ಯಾರೂ ಕಲಿಸಬೇಕಾಗಿಲ್ಲ.

ಟಪರಿಯಲ್ಲಿ ಚಹಾ ಕುಡಿದು, ಆಟೋ ಹಿಡಿದು ಊರೊಳಗೆ ಬಂದೆ. ಸ್ಕೂಲ್ ಟ್ರಿಪ್‌ನಲ್ಲಿ ಬಂದಾಗ ನೋಡಿದ್ದು ಕೋಟೆ, ಅನುಭವ ಮಂಟಪ, ಅಕ್ಕನಾಗಮ್ಮನ ಗವಿ, ತ್ರಿಪುರಾಂತಕ ಕೆರೆ. ಆಮೇಲೆ 2012ರಲ್ಲಿ ಬಂದ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ಈಗ ದೂರದಿಂದಲೇ ಕಾಣುತ್ತೆ. ಟೀಚರ್ ನಮಗೆ ಕಾಯಕದ ಪಾಠ ಮಾಡಿದ್ದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ. ಎಲ್ಲರಿಗೂ ಒಂದು ಕಸುಬು, ಯಾವ ಕಸುಬೂ ಕೀಳಲ್ಲ.

ಪರೀಕ್ಷೆಗೆ ಬರದ ಕೆಲವು ಹೆಸರುಗಳು ಈ ಸಲ ನನಗೆ ನೆನಪಾದವು. ಬಹುರೂಪಿ ಚೌಡಯ್ಯ. ವೇಷ ಕಟ್ಟಿ ಕುಣಿಯೋದೇ ಆತನ ಕಾಯಕ. ನಗೆಯ ಮಾರಿತಂದೆ. ಜನರನ್ನ ನಗಿಸೋದು ಆತನ ಕಾಯಕ. ಇಂದಿನ ಭಾಷೆಯಲ್ಲಿ ಇಬ್ಬರೂ ಪರ್ಫಾರ್ಮರ್‌ಗಳು. ಮತ್ತೆ ಸೂಳೆ ಸಂಕವ್ವೆ. ಆಕೆಯದು ಸಿಕ್ಕಿರೋದು ಒಂದೇ ಒಂದು ವಚನ. ತನ್ನ ಕಸುಬನ್ನ ಮುಚ್ಚಿಡದೆ, ಅದೇ ಕಸುಬಿನ ಲೆಕ್ಕದ ಮಾತಿನಲ್ಲಿ ನಿಷ್ಠೆ ಅಂದರೇನು ಅಂತ ಹೇಳುತ್ತಾಳೆ. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆಯಿಲ್ಲದ ಈಶ್ವರ! ಇಡೀ ಊರು ತನ್ನನ್ನ ಬೈಯಲು ಬಳಸೋ ಪದವನ್ನ ತಗೊಂಡು ದೇವರಿಗೇ ಇಟ್ಟವಳು. ಕೆರೆ ದಂಡೆಯಲ್ಲಿ ಕೂತು ಆ ಒಂದು ಪದದ ಬಗ್ಗೆ ತುಂಬಾ ಹೊತ್ತು ಯೋಚನೆ ಮಾಡಿದೆ.

ಒಂದು ಮಾತು ಸ್ಪಷ್ಟ ಇರಲಿ. ಸಂಕವ್ವೆಯನ್ನ ನನಗೆ ಹೋಲಿಸಿಕೊಳ್ಳುತ್ತಿಲ್ಲ. ತಿಂಗಳ ಕೊನೆಗೆ ಸಂಬಳ ಬರುವವಳು ನಾನು. ಆದರೆ ಅಂಥವಳಿಗೂ ಮಾತಾಡೋಕೆ ಜಾಗ ಕೊಟ್ಟ ಊರು ಇದು ಅನ್ನೋದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು.

ರಾಣಿಯರು ಕುಣಿದ ಊರು

ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವನ ಗುಡಿ ಇದೆ. ಗೋಡೆ ಮೇಲೆ ಮದನಿಕೆಯರು. ನಾನು ಹೋದಾಗ ಅಲ್ಲಿ ಇದ್ದದ್ದು ಮೂರು ಆಡು ಮತ್ತು ಫೋನಿನಲ್ಲಿ ಹಾಡು ಹಚ್ಚಿಕೊಂಡ ಒಬ್ಬ ಹುಡುಗ.

ಒಂದು ಕಾಲಕ್ಕೆ ಇದು ರಾಜಧಾನಿ. 11ನೇ ಶತಮಾನದಲ್ಲಿ ಚಾಲುಕ್ಯರ ಮೊದಲನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನ ಇಲ್ಲಿಗೆ ತಂದ. ಆತನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ವಿಕ್ರಮಾದಿತ್ಯನ ರಾಣಿಯರಲ್ಲಿ ಒಬ್ಬಳಾದ ಚಂದಲದೇವಿ ನೃತ್ಯದಲ್ಲಿ ಹೆಸರಾದವಳು. ಮುಂದೆ ಕಲಚುರಿಗಳ ಕಾಲದಲ್ಲಿ, ಬಿಜ್ಜಳನ ಮಗ ಸೋವಿದೇವನ ರಾಣಿ ಸೋವಲದೇವಿ ಕೂಡ ಸಂಗೀತ, ನೃತ್ಯದಲ್ಲಿ ಪಳಗಿದವಳು. ಅದೂ ಅಂತಃಪುರದ ಬಾಗಿಲು ಹಾಕಿಕೊಂಡಲ್ಲ, ಜನರ ಎದುರಿಗೆ ತೋರಿಸಿದ ವಿದ್ಯೆ.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಅನ್ನುವ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಅಡುಗೆಯಿಂದ ಹಿಡಿದು ಆನೆ ಪಳಗಿಸೋವರೆಗೆ ಎಲ್ಲ ಇದೆ, ನೃತ್ಯಕ್ಕೂ ಒಂದು ಅಧ್ಯಾಯ. ನೃತ್ಯದಲ್ಲಿ ಆರು ಬಗೆ ಅಂತ ಹೇಳುತ್ತಾನೆ: ನಾಟ್ಯ, ಲಾಸ್ಯ, ತಾಂಡವ, ವಿಷಮ, ವಿಕಟ, ಲಘು. ಅದರಲ್ಲಿ ‘ವಿಕಟ’ ಅಂದರೆ ನಗೆ ಬರಿಸುವ, ಅಂಕುಡೊಂಕಿನ, ಅಣಕದ ಕುಣಿತ. ಲಂಡನ್ನಿನ ಆ ಹೆಂಗಸು ಮಾಡಿದ್ದಕ್ಕೆ ಕಲ್ಯಾಣದ ರಾಜನ ಪುಸ್ತಕದಲ್ಲಿ ಸುಮಾರು ಒಂಬತ್ತು ಶತಮಾನದ ಹಿಂದೆಯೇ ಒಂದು ಹೆಸರು ಇತ್ತು!

ಇದನ್ನೆಲ್ಲ ಅವ್ವನ ಮುಂದೆ ಹೇಗೆ ಹೇಳಬೇಕು ಅಂತ ಹುಮನಾಬಾದ್ ಬಸ್ಸಿನಲ್ಲಿ ಪಾಯಿಂಟ್ ಹಾಕಿಕೊಂಡೆ. ಪ್ರೆಸೆಂಟೇಶನ್ ಥರ. ಸ್ಲೈಡ್ ಒಂದು, ರಾಣಿ. ಸ್ಲೈಡ್ ಎರಡು, ಶರಣರು.

ನಾಟಕದಾಕಿ

ಹುಮನಾಬಾದ್ ಅಂದರೆ ವೀರಭದ್ರೇಶ್ವರ, ಮಾಣಿಕನಗರದ ಮಾಣಿಕಪ್ರಭು, ಮತ್ತೆ ನಮ್ಮ ಮನೆ ಹಿಂದಿನ ಬೇವಿನ ಮರ. ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜಾತ್ರೆಗೆ ಒಂದು ನಾಟಕ ಕಂಪನಿ ಬಂದು ಟೆಂಟ್ ಹಾಕಿತ್ತು. ಅಪ್ಪ ಕರಕೊಂಡು ಹೋಗಿದ್ದರು. ನಡುವೆ ಒಬ್ಬ ಹೆಂಗಸು ಜರಿ ಲಂಗ ಹಾಕಿಕೊಂಡು ಕುಣಿದಳು. ಜನ ಸಿಳ್ಳೆ ಹೊಡೆದರು, ನೋಟು ಚುಚ್ಚಿದರು. ಮಾರನೇ ದಿನ ನಾನು ಅಂಗಳದಲ್ಲಿ ಅದೇ ಥರ ಸೊಂಟ ಕುಣಿಸಿದೆ. ಅವ್ವ ಕೈಯಲ್ಲಿದ್ದ ಲಟ್ಟಣಿಗೆಯಿಂದಲೇ ಒಂದು ಕೊಟ್ಟಳು. “ನಾಟಕದಾಕಿ ಆಗ್ತಿಯೇನ?” ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಈ ಬೈಗುಳ ತಿಂದವರು ಎಷ್ಟು ಜನ! ಬಾಲಗಂಧರ್ವ ಗಂಡಸಾಗಿ ಹೆಣ್ಣಿನ ಪಾತ್ರ ಹಾಕಿ ಮರಾಠಿ ನಾಡಿನ ಕಣ್ಮಣಿಯಾದರು, 1964ರಲ್ಲಿ ಪದ್ಮಭೂಷಣ ಬಂತು. ಅದೇ ಕಂಪನಿಗೆ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಹೋಗಿ ಹೆಣ್ಣಿನ ಪಾತ್ರ ಮಾಡಿದಾಗ ಆಕೆಗೆ ಸಿಕ್ಕಿದ್ದು ಹೆಚ್ಚಾಗಿ ನಿಂದೆ. ಗಂಡಸು ಸೀರೆ ಉಟ್ಟರೆ ಕಲೆ, ಹೆಂಗಸು ಸೀರೆ ಉಟ್ಟರೆ ಅನುಮಾನ.

ತಮಾಶಾದ ವಿಠಾಬಾಯಿ ನಾರಾಯಣಗಾಂವಕರ್ ಬಗ್ಗೆ ನಮ್ಮ ಕ್ಲಾಸಿನಲ್ಲಿ ಹೇಳದ ದಿನ ಇಲ್ಲ. ತುಂಬು ಗರ್ಭಿಣಿ ಇದ್ದಾಗ ಆಟದ ನಡುವೆ ನೋವು ಬಂದು, ಸ್ಟೇಜ್ ಹಿಂದೆ ಹೆತ್ತು, ಕಲ್ಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಮತ್ತೆ ಕುಣಿಯಲು ಬಂದರು ಅನ್ನೋದು ಆಕೆಯ ಬಗ್ಗೆ ಎಲ್ಲರೂ ಹೇಳೋ ಕತೆ. ರಾಷ್ಟ್ರಪತಿಗಳ ಕೈಯಿಂದ ಗೌರವ ಪಡೆದವರು. 2002ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹಣದ ಕಷ್ಟ. ಈಗ ಮಹಾರಾಷ್ಟ್ರ ಸರ್ಕಾರ ಆಕೆಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೆ.

ಅವತ್ತು ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆ. ಅವ್ವನ ಪಕ್ಕ ಮಲಗಿದೆ. ಒಂದು ಸ್ಲೈಡೂ ತೆರೆಯಲಿಲ್ಲ.

ಜಲಸಂಗ್ವಿಯ ಕಲ್ಲು

ಬೆಳಿಗ್ಗೆ ತಮ್ಮನ ಸ್ಕೂಟಿ ತಗೊಂಡು ಜಲಸಂಗ್ವಿಗೆ ಹೊರಟೆ. ಹುಮನಾಬಾದ್‌ನಿಂದ ಹತ್ತು ಕಿಲೋಮೀಟರ್ ಆಸುಪಾಸು. “ಗುಡಿಗಾ? ನಾನೂ ಬರ್ತೀನಿ ತಡಿ” ಅಂತ ಅವ್ವ ಸೆರಗು ಸಿಗಿಸಿಕೊಂಡು ಹಿಂದೆ ಕೂತಳು.

ನಮ್ಮ ಜಿಲ್ಲೆಯವರೇ ಎಷ್ಟೋ ಜನ ಜಲಸಂಗ್ವಿ ನೋಡಿಲ್ಲ, ಅದು ನಮ್ಮದೇ ತಪ್ಪು. ಊರೊಳಗೆ ಮನೆಗಳ ನಡುವೆ ಇರೋ ಚಾಲುಕ್ಯರ ಈಶ್ವರ ಗುಡಿ. ಹೊರಗೋಡೆಯ ಮೇಲೆ ಸಾಲಾಗಿ ಶಿಲಾಬಾಲಿಕೆಯರು. ಬೇಲೂರಿನವರು ಇವರಿಗೆ ತಂಗಿಯರಾಗಬೇಕು, ವಯಸ್ಸಿನಲ್ಲಿ ಚಿಕ್ಕವರು. ಎಲ್ಲರಿಗಿಂತ ಪ್ರಸಿದ್ಧಳು ‘ಶಾಸನಸುಂದರಿ’. ಬೆನ್ನು ತಿರುಗಿಸಿ ನಿಂತು, ಕೈಯಲ್ಲಿ ಕಂಠ ಹಿಡಿದು ಬರೆಯುತ್ತಿದ್ದಾಳೆ. ಬರೆದಿರೋದು ವಿಕ್ರಮಾದಿತ್ಯನನ್ನ ಹೊಗಳುವ ಸಂಸ್ಕೃತ ಸಾಲು, ನಿಜವಾಗಿಯೂ ಕಲ್ಲಿನಲ್ಲಿ ಕೊರೆದಿದೆ. ಒಂಬೈನೂರು ವರ್ಷದಿಂದ ಆಕೆಯ ಬರವಣಿಗೆ ಮುಗಿದಿಲ್ಲ.

ಅವ್ವ ನಮಸ್ಕಾರ ಮಾಡಿ ಬಂದು ಗೋಡೆ ಸುತ್ತ ನಡೆದಳು. ಕುಣಿಯುವ ಭಂಗಿಯಲ್ಲಿದ್ದ ಒಬ್ಬಳ ಮುಂದೆ ನಿಂತಳು. “ಎಷ್ಟ್ ಛಂದ ನಿಂತಾಳ ನೋಡ. ನಡಾ ಹ್ಯಾಂಗ್ ಬಾಗ್ಯಾದ!”

ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ ಅನಿಸಿತು.

“ಅವ್ವಾ, ನಾನೂ ಕುಣ್ಯಾಲತ್ತೀನಿ. ಲಾವಣಿ. ಒಂದ್ ವರ್ಷ ಆಯ್ತು. ಮುಂದಿನ ತಿಂಗಳ ಸ್ಟೇಜ್ ಮ್ಯಾಲ.”

ಅವ್ವ ಮಾತಾಡಲಿಲ್ಲ. ನಾನು ಗಡಿಬಿಡಿಯಲ್ಲಿ ಎಲ್ಲ ಸ್ಲೈಡ್ ತೆರೆದೆ. ಚಂದಲದೇವಿ, ಸೋವಲದೇವಿ, ಬಹುರೂಪಿ ಚೌಡಯ್ಯ. ಕೊನೆಗೆ, “ಈಗ ನೀನೇ ಈಕಿಗಿ ಛಂದ ಅದಾಳ ಅಂದಿಯಲ್ಲ?” ಅಂದೆ.

“ಇವು ಕಲ್ಲವ್ವ,” ಅಂದಳು. “ಕಲ್ಲಿಗಿ ಯಾರೂ ಏನೂ ಅನ್ನಲ್ಲ. ಕಲ್ಲಿಗಿ ತಂಗಿ ಇರಲ್ಲ.”

ನನ್ನ ತಂಗಿಗೆ ಗಂಡು ನೋಡುತ್ತಿದ್ದಾರೆ. ಮಾತು ಒಂದು ಕಡೆ ಅರ್ಧ ಕೂಡಿದೆ. ಅವ್ವನ ಹೆದರಿಕೆ ಸುಳ್ಳಲ್ಲ. ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಹುಮನಾಬಾದ್‌ಗೆ ಬರೋಕೆ ಎಷ್ಟು ಹೊತ್ತು ಬೇಕು? ರಾಣಿ ಕುಣಿದರೆ ಶಾಸನ ಬರೆಸುತ್ತಾರೆ, ನಮ್ಮಂಥವರ ಮಗಳು ಕುಣಿದರೆ ಬೀಗರು ಫೋನ್ ಎತ್ತೋದು ಬಿಡುತ್ತಾರೆ. ನನ್ನ ಸ್ಲೈಡ್‌ಗಳಲ್ಲಿ ಇದು ಇರಲಿಲ್ಲ.

ವಾಪಸ್ ಬರುವಾಗ ಸ್ಕೂಟಿ ಮೇಲೆ ಇಬ್ಬರೂ ಸುಮ್ಮನೆ. ದಾರಿಯುದ್ದಕ್ಕೂ ತೊಗರಿ ಹೊಲ. ಎಂದಿನಂತೆ ಅವ್ವ ನನ್ನ ಸೊಂಟ ಹಿಡಿದುಕೊಂಡಿದ್ದಳು, ಕೈ ಬಿಡಲಿಲ್ಲ. ಅಷ್ಟನ್ನೇ ನಾನು ಲೆಕ್ಕ ಹಾಕಿಕೊಂಡೆ.

ಒಂಬತ್ತು ಗಜ

ರಾತ್ರಿ ತಂಗಿಗೆ ವಿಷಯ ಗೊತ್ತಾಯಿತು. “ಅಕ್ಕಾ, ಇದಕ್ಕ ಬ್ಯಾಡ ಅನ್ನೋ ಮನಿ ನನಗೂ ಬ್ಯಾಡ” ಅಂದಳು. ಸಿನಿಮಾದಲ್ಲಾದರೆ ಇಲ್ಲಿಗೆ ಕತೆ ಮುಗಿಯುತ್ತಿತ್ತು. ಅವ್ವ, “ನಿನಗೇನ್ ತಿಳೀತದ, ಸುಮ್ನ ಇರು” ಅಂದಳು.

ಮಲಗೋ ಮುಂಚೆ ನನ್ನ ಬ್ಯಾಗಿನಲ್ಲಿದ್ದ ಸೀರೆ ತೆಗೆಸಿದಳು. ಉಟ್ಟು ತೋರಿಸು ಅಂದಳು. ನಾನು ಕ್ಲಾಸಿನಲ್ಲಿ ಕಲಿತ ಹಾಗೆ ಹನ್ನೊಂದು ಪಿನ್ನು ಹಾಕಿ ಉಟ್ಟೆ. ಅವ್ವ ತಲೆ ಚಚ್ಚಿಕೊಂಡಳು. ನಮ್ಮ ಅಜ್ಜಿ ಸಾಯೋವರೆಗೂ ಕಚ್ಚಿ ಸೀರೆ ಉಟ್ಟವಳು. ಹೊಲದಲ್ಲಿ ಕಳೆ ತೆಗೆದದ್ದು, ರಾಶಿ ಮಾಡಿದ್ದು, ಎಲ್ಲ ಅದರಲ್ಲೇ. ಕೊನೆಯ ವರ್ಷಗಳಲ್ಲಿ ಅಜ್ಜಿಗೆ ಸೀರೆ ಉಡಿಸುತ್ತಿದ್ದದ್ದು ಅವ್ವ.

“ಇಷ್ಟ್ ಪಿನ್ನ ಹಚ್ಚಿದ್ರ ಕುಣಿಯೂವಾಗ ಹರೀತದ. ಇಲ್ಲಿ ಗಂಟ್ ಹಾಕು. ನಿರಿಗಿ ಹಿಂದ್ ಒಯ್ದು ಗಚ್ಚ ಸಿಗಿಸು. ಕಾಲ್ ಎತ್ತು ನೋಡಾಮ್.”

ಕಾಲು ಎತ್ತಿದೆ. ಸೀರೆ ಅಲುಗಲಿಲ್ಲ. ಆಮೇಲೆ ಅವ್ವ ಗೆಜ್ಜೆ ಕೈಯಲ್ಲಿ ತೂಗಿ ನೋಡಿದಳು. “ಮಣಕಾಲ ನೋಯಲ್ಲೇನ?” ಅಂದಳು. ನೋಯುತ್ತೆ ಅಂದೆ.

ಒಪ್ಪಿದಳಾ ಅಂದರೆ ಇಲ್ಲ. ಒಂದು ಷರತ್ತು ಹಾಕಿದಳು. ತಂಗಿ ಮದುವೆ ಆಗೋವರೆಗೆ ಮುಖ ಕಾಣೋ ವಿಡಿಯೋ ಎಲ್ಲೂ ಹಾಕಬಾರದು. ನಾನು ಒಪ್ಪಿದೆ. ದೇವರಿಗೇ ನಿರ್ಲಜ್ಜೇಶ್ವರ ಅಂತ ಹೆಸರಿಟ್ಟವಳ ಊರಿಂದ ಬಂದು, ಇನ್‌ಸ್ಟಾಗ್ರಾಂನಲ್ಲಿ ಮುಖ ಮುಚ್ಚಿಕೊಳ್ಳೋಕೆ ಒಪ್ಪಿದೆ. ನನಗೆ ಇದು ಪೂರ್ತಿ ಸರಿ ಅನಿಸಿಲ್ಲ. ಈ ಬರಹದಲ್ಲಿ ನನ್ನ ಹೆಸರು ಹಾಕಬೇಡಿ ಅಂತ ಕೇಳಿಕೊಂಡಿರೋದೂ ಅದಕ್ಕೇ. ತಾಯಿ ಅವರಿಗೆ ಇಂಥ ಮರೆ ಯಾವತ್ತೂ ಸಿಗಲಿಲ್ಲ ಅನ್ನೋದೂ ಗೊತ್ತು.

ನೀವು ಹೋಗೋದಾದರೆ: ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಬಸ್ಸುಗಳು ಹುಮನಾಬಾದ್ ಮತ್ತು ಬಂಗ್ಲಾ ಎರಡೂ ಕಡೆ ನಿಲ್ಲುತ್ತವೆ. ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಹುಮನಾಬಾದ್ ಸ್ಟೇಷನ್ ಇದೆ. ಬೇಸಿಗೆ ಬಿಟ್ಟು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಜಲಸಂಗ್ವಿಗೆ ಬೆಳಗಿನ ಬಿಸಿಲಿನಲ್ಲಿ ಹೋದರೆ ಕಲ್ಲಿನ ಹೆಂಗಸರ ಮುಖ ಚೆನ್ನಾಗಿ ಕಾಣುತ್ತೆ. ಸಾಧ್ಯವಾದರೆ ಅಮ್ಮನನ್ನ ಕರಕೊಂಡು ಹೋಗಿ.

ಶೋ ಆಯಿತು. ನೂರಿಪ್ಪತ್ತು ಕುರ್ಚಿಯಲ್ಲಿ ತೊಂಬತ್ತರ ಹತ್ತಿರ ತುಂಬಿದ್ದವು. ಮೊದಲ ಎರಡು ನಿಮಿಷ ನನಗೆ ಏನೂ ಕಾಣಲಿಲ್ಲ. ಮೂರನೇ ನಿಮಿಷಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮ್ಯಾನೇಜರ್ ಕಡೆ ಹುಬ್ಬು ಹಾರಿಸಿದೆ. ಅವರು ಕೆಂಪಾದರು, ಹಾಲ್ ಪೂರ್ತಿ ನಕ್ಕಿತು. ಆ ನಗು ನನ್ನ ಕೈಯಲ್ಲಿತ್ತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಅವ್ವನ ಫೋನ್. ಹೇಗಾಯಿತು ಅಂತ ಕೇಳಲಿಲ್ಲ. ಮಳೆ, ಗ್ಯಾಸ್ ಸಿಲಿಂಡರ್, ಪಕ್ಕದ ಮನೆ ಎಮ್ಮೆ, ಎಲ್ಲ ಹೇಳಿ ಇಡೋ ಮುಂಚೆ ಕೇಳಿದಳು:

“ಸೀರಿ ಬಿಚ್ಚಲಿಲ್ಲಲ್ಲ?”

“ಇಲ್ಲವ್ವ. ಒಂದ್ ಪಿನ್ನೂ ಹಚ್ಚಿರಲಿಲ್ಲ.”

“ಹ್ಞೂಂ,” ಅಂದು ಫೋನ್ ಇಟ್ಟಳು.